ಕಂಥೆಯ ಹೂವು, ಮನೆತನದ ಕಥೆ

ಸಂಸ್ಕೃತದ ‘ಕಂಥಾ’ ಶಬ್ದಕ್ಕೆ ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆ ಎಂದು ಅರ್ಥ. ಕನ್ನಡದಲ್ಲಿ ಅದು ‘ಕಂಥೆ’ಯೆಂದೂ ‘ಕಂತೆ’ಯೆಂದೂ ಬಳಕೆಗೆ ಬಂದು, ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಬೊಂತೆಯೊಡನೆ ಜೊತೆಗೂಡಿದೆ. ಶರಣೆ ಬೊಂತಾದೇವಿಗೆ ಆ ಹೆಸರು ಬಂದುದು ಆಕೆ ಹೊದ್ದ ಬೊಂತೆಯಿಂದಲೇ ಎಂದು ಐತಿಹ್ಯವು ಹೇಳುತ್ತದೆ. ಈ ಪ್ರಯೋಗಗಳಲ್ಲೆಲ್ಲ ಕಂಥೆಯು ಬಡತನದ ಗುರುತು, ಇಲ್ಲವೆ ವಿರಕ್ತಿಯ ಗುರುತು. ಬಂಗಾಳದಲ್ಲಾದರೋ ಇದೇ ಶಬ್ದದಿಂದ ಹುಟ್ಟಿದ ‘ಕಾಂಥಾ’ ಗೃಹಿಣಿಯ ಕಲೆಯಾಗಿ ಬೆಳೆಯಿತು. ಉಟ್ಟು ಹಳತಾದ ಸೀರೆ ಧೋತರಗಳ ಮೇಲೆ ತಾವರೆಯೂ ಬಳ್ಳಿಯೂ ಅರಳಿ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗುವಿಗೆ ನಡೆದುಬರುವ ಮನೆತನದ ಒಡವೆಯೇ ಅದಾಯಿತು. ಹರಕು ಬಟ್ಟೆಯು ಹೀಗೆ ವಂಶದ ನೆನಪಾಗಿ ಮಾರ್ಪಡುವ ಬಗೆಯು ಕಲಾವಿಮರ್ಶೆಗೆ ಮಾತ್ರವಲ್ಲದೆ ಸಾಹಿತ್ಯವಿಮರ್ಶೆಗೂ ಸಂಬಂಧಿಸಿದ ವಿಷಯವಾಗಿದೆ.

ಈ ಕಲೆಗೆ ಸಾಹಿತ್ಯದಲ್ಲಿ ಸ್ಥಿರವಾದ ಸ್ಥಾನವನ್ನು ದೊರಕಿಸಿಕೊಟ್ಟ ಕೃತಿ ಜಸೀಮುದ್ದೀನ್ ಕವಿಯ (1903–1976) ‘ನಕ್ಷೀ ಕಾಂಥಾರ್ ಮಾಠ್’. ‘ಚಿತ್ತಾರದ ಕಂಥೆಯ ಬಯಲು’ ಎಂಬುದು ಆ ಹೆಸರಿನ ಅರ್ಥ. 1929ರಲ್ಲಿ ಪ್ರಕಟವಾದ ಈ ಕಥನಕಾವ್ಯವು 1939ರಲ್ಲಿ ಇ. ಎಂ. ಮಿಲ್‌ಫರ್ಡ್ ಅವರಿಂದ ಇಂಗ್ಲಿಷಿಗೆ ಪರಿವರ್ತಿತವಾಗಿ ಬಂಗಾಳದ ಹೊರಗೂ ಪ್ರಸಿದ್ಧಿಗೆ ಬಂದಿತು. ‘ನಕ್ಷೀ ಕಾಂಥಾ’ ಎಂಬ ಹೆಸರು ಎಲ್ಲೆಡೆ ರೂಢವಾದುದೂ ಈ ಕಾವ್ಯದ ತರುವಾಯವೇ ಎಂದು ಹೇಳುವುದುಂಟು. ಹೆಸರಿನೊಡನೆ ಒಂದು ಅಭಿಪ್ರಾಯವೂ ಹರಡಿತು. ಕಾಂಥಾ ಎಂದರೆ ಅಕ್ಷರವರಿಯದ ಹೆಂಗಸು ಸೂಜಿಯಿಂದ ಬರೆದ ಆತ್ಮಚರಿತ್ರೆ. ಅದರಲ್ಲಿ ಓದಬೇಕಾದುದು ಚಿತ್ರಗಳನ್ನು. ಹೂವುಗಳು ಆ ಚಿತ್ರಗಳ ನಡುವಣ ಅಲಂಕಾರ ಮಾತ್ರ ಎಂಬುದೇ ಆ ಅಭಿಪ್ರಾಯ. ಅದು ಕಾಂಥಾವನ್ನು ಕುರಿತು ಎಷ್ಟರಮಟ್ಟಿಗೆ ನಿಜ, ಕಾವ್ಯವನ್ನು ಕುರಿತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸುವುದು ಉಚಿತವಾಗಿದೆ. ಓದುಬರಹವಿಲ್ಲದ ಅಸಂಖ್ಯ ಸ್ತ್ರೀಯರು ಬಿಟ್ಟುಹೋಗಿರುವ ಕೃತಿಗಳನ್ನು ಓದುವ ಕ್ರಮವೇ ಈ ಪ್ರಶ್ನೆಯನ್ನು ಅವಲಂಬಿಸಿರುವುದರಿಂದ, ಇದು ಕೇವಲ ಪಾರಿಭಾಷಿಕವಾದ ಚರ್ಚೆಯಲ್ಲ.

೧

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಬಹುಕಾಲ ಉಟ್ಟು ಒಗೆದು ಮೃದುವಾದ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಅಂಚುಗಳನ್ನು ಬಂಧಿಸಿ, ಸಾಲುಹೊಲಿಗೆಯಿಂದ ಆದ್ಯಂತವಾಗಿ ಕೂಡಿಸುವುದು ಕಾಂಥಾದ ಕ್ರಮ. ಚಿತ್ತಾರಕ್ಕೆ ಬೇಕಾದ ಬಣ್ಣದ ನೂಲನ್ನು ಹಿಂದಿನವರು ಹಳೆಯ ಸೀರೆಗಳ ಅಂಚಿನಿಂದಲೇ ಎಳೆಯೆಳೆಯಾಗಿ ಬಿಡಿಸಿಕೊಳ್ಳುತ್ತಿದ್ದರು. ಹೊಲಿಗೆಯು ಬಹಳ ಒತ್ತಾಗಿರುವುದರಿಂದ ಬಟ್ಟೆಯ ಮೈಯಲ್ಲಿ ಕೆರೆಯ ನೀರಿನ ತೆರೆಗಳಂತೆ ಸಣ್ಣ ಸುಕ್ಕುಗಳು ಏಳುವುವು. ಉಪಯೋಗಕ್ಕೆ ತಕ್ಕಂತೆ ಇದರಲ್ಲಿ ಹಲವು ಭೇದಗಳಿವೆ. ಚಳಿಗಾಲದ ದಪ್ಪ ಹೊದಿಕೆಗೆ ‘ಲೇಪ್’ ಎಂದೂ, ಶುಭಕಾರ್ಯಗಳಲ್ಲಿ ಹಾಸುವ ವಸ್ತ್ರಕ್ಕೆ ‘ಸುಜನಿ’ ಎಂದೂ, ಪುಸ್ತಕ ಮುಂತಾದುವನ್ನು ಸುತ್ತಿಡುವ ಚೌಕಕ್ಕೆ ‘ಬೈಟನ್’ ಎಂದೂ, ಕನ್ನಡಿ ಬಾಚಣಿಗೆಗಳನ್ನು ಕಟ್ಟಿಡುವುದಕ್ಕೆ ‘ಆರ್ಶಿಲತಾ’ ಎಂದೂ ಹೆಸರು.

ಚಿತ್ತಾರದ ವಿನ್ಯಾಸದಲ್ಲಿಯೂ ಒಂದು ನಿಯಮವು ಕಾಣಬರುತ್ತದೆ. ಸಾಮಾನ್ಯವಾಗಿ ನಡುವೆ ಹಲವು ದಳಗಳ ತಾವರೆ, ನಾಲ್ಕು ಮೂಲೆಗಳಿಂದ ನಡುವಿನ ಕಡೆಗೆ ಬಾಗಿದ ನಾಲ್ಕು ಗಿಡಗಳು ಅಥವಾ ಮಾವಿನಕಾಯಿಯಾಕಾರದ ‘ಕಲ್ಕಾ’ಗಳು, ಉಳಿದ ಬಯಲಿನಲ್ಲಿ ಆನೆ, ಕುದುರೆ, ಪಲ್ಲಕ್ಕಿ, ರಥ, ದೋಣಿ, ಬಾಚಣಿಗೆ, ಅಡಕತ್ತರಿ, ದೇವತೆಗಳು, ಮನುಷ್ಯರು. ಇವುಗಳಲ್ಲಿ ತಾವರೆ ಮತ್ತು ಮೂಲೆಯ ಗಿಡಗಳು ಬಹುಮಟ್ಟಿಗೆ ಸ್ಥಿರವಾಗಿರುವುವು. ಮಿಕ್ಕುವು ಹೊಲಿದವಳ ಇಚ್ಛೆಗೆ ಬಿಟ್ಟುವು. ಹಿಂದೂ ಸ್ತ್ರೀಯರೂ ಮುಸ್ಲಿಂ ಸ್ತ್ರೀಯರೂ ಈ ಕಲೆಯನ್ನು ಸಮಾನವಾಗಿ ಬೆಳೆಸಿರುವರು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಚಿತ್ರವನ್ನು ಕುರಿತು ಒಂದು ಮಾತನ್ನೂ ಆಡುವ ಮೊದಲೇ, ಕಾಂಥಾದಲ್ಲಿ ಮನೆತನದ ಚರಿತ್ರೆಯು ಸೇರಿಹೋಗಿದೆ. ಮೇಲಿನ ಪದರದಲ್ಲಿ ಅಜ್ಜಿಯ ಬಿಳಿಯ ಸೀರೆ, ಒಳಪದರದಲ್ಲಿ ತಂದೆಯ ಧೋತರ, ನೂಲಿನಲ್ಲಿ ತಾಯಿಯ ಮದುವೆಯ ಸೀರೆಯ ಕೆಂಪಂಚು ಸೇರಿರಬಹುದು. ಆ ಮನೆಯವರಿಗಲ್ಲದೆ ಇತರರಿಗೆ ಇದು ಕಾಣದು. ಪ್ರಾಚೀನ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಕಾಂಥಾದ ಚಿತ್ರವು ವಾಚ್ಯ. ಅದರ ಬಟ್ಟೆಯು ವ್ಯಂಗ್ಯ. ವಾಚ್ಯವನ್ನು ಯಾರಾದರೂ ಓದಬಹುದು, ವ್ಯಂಗ್ಯವು ಸಹೃದಯವೇದ್ಯ. ಈ ಸಂದರ್ಭದಲ್ಲಿ ಸಹೃದಯರೆಂದರೆ ಆ ಸೀರೆಯನ್ನು ಉಟ್ಟವರನ್ನು ಕಂಡವರು.

೨

ಇನ್ನು ಕಾವ್ಯದ ವಿಚಾರ. ಫರೀದ್‌ಪುರ ಸೀಮೆಯಲ್ಲಿ ಹುಟ್ಟಿದ ಜಸೀಮುದ್ದೀನ್ ಪೂರ್ವಬಂಗಾಳದ ಹಳ್ಳಿಗಳ ಹಾಡುಕಥೆಗಳನ್ನು ಸಂಗ್ರಹಿಸುವ ಕಾರ್ಯದಲ್ಲಿ ದಿನೇಶಚಂದ್ರ ಸೇನರೊಡನೆ ದುಡಿದವರು. ಅವರ ಕಥೆಯು ಸರಳವಾದುದು. ಒಂದು ಬಯಲಿನ ಆಚೆಗೊಂದು ಈಚೆಗೊಂದು ಹಳ್ಳಿ. ಈಚೆಯ ಹಳ್ಳಿಯ ಕಪ್ಪು ಬಣ್ಣದ ರೈತಯುವಕ ರೂಪಾಇ, ಆಚೆಯ ಹಳ್ಳಿಯ ಸಾಜು ಎಂಬ ಕನ್ಯೆ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾಗುವರು. ಬೆಳೆಯ ವಿಷಯವಾಗಿ ಬಡಿದಾಟ ನಡೆದು, ಕೊಲೆಯ ಆಪಾದನೆಗೆ ಗುರಿಯಾದ ರೂಪಾಇ ತಲೆತಪ್ಪಿಸಿಕೊಂಡು ಹೋಗುವನು. ಸಾಜು ಅವನ ದಾರಿಯನ್ನು ಕಾಯುತ್ತ, ತಮ್ಮಿಬ್ಬರ ಬಾಳನ್ನೆಲ್ಲ ಕಂಥೆಯೊಂದರ ಮೇಲೆ ಹೊಲಿಯುವಳು. ತಾನು ಸತ್ತ ಬಳಿಕ ಅದನ್ನು ತನ್ನ ಗೋರಿಯ ಮೇಲೆ ಹಾಸಬೇಕೆಂದು ತಾಯಿಗೆ ಹೇಳಿ ಕಣ್ಮುಚ್ಚುವಳು. ಬಹುದಿನಗಳ ಮೇಲೆ ಊರವರು ಆ ಗೋರಿಯ ಬಳಿ ಕಂಥೆಯನ್ನು ಹೊದ್ದು ಸತ್ತು ಬಿದ್ದಿದ್ದ ಪರದೇಶಿಯೊಬ್ಬನನ್ನು ಕಾಣುವರು. ಬಯಲಿಗೆ ‘ಚಿತ್ತಾರದ ಕಂಥೆಯ ಬಯಲು’ ಎಂಬ ಹೆಸರು ಬಂದುದು ಅಂದಿನಿಂದ.

ಈ ಕಾವ್ಯದ ಗುಣಗಳನ್ನು ವಿಸ್ತರಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ರೈತನ ಬದುಕನ್ನು ದೂರದಿಂದ ನೋಡಿ ಕನಿಕರಿಸದೆ, ಅದರ ಒಳಗಿನಿಂದಲೇ ಮಾತನಾಡುವ ಶಕ್ತಿಯು ಕವಿಗಿದೆ. ಆದರೆ ಕಂಥೆಯ ವರ್ಣನೆಯಲ್ಲಿ ಮಾತ್ರ ಒಂದು ಸಂದೇಹಕ್ಕೆ ಆಸ್ಪದವುಂಟು. ಸಾಜುವಿನ ಕಂಥೆಯಲ್ಲಿ ಪ್ರಧಾನವಾಗಿರುವುದು ಘಟನೆಗಳ ಚಿತ್ರ: ಮದುವೆ, ಮನೆ, ಅಗಲಿಕೆ, ಕೊನೆಗೆ ಅವಳ ಗೋರಿ. ಚಿತ್ರದ ಮೇಲೆ ಚಿತ್ರ ಬಂದು ಕಥೆಯು ಕಾಲಕ್ರಮವಾಗಿ ಮುಂದುವರಿಯುತ್ತದೆ. ಈ ಬಗೆಯ ಕಂಥೆಯು ಹೊಲಿಗೆಗಿಂತ ಹೆಚ್ಚಾಗಿ ಪಟಚಿತ್ರವನ್ನು ನೆನಪಿಗೆ ತರುತ್ತದೆ. ಸುರುಳಿಯನ್ನು ಬಿಚ್ಚುತ್ತ ಕಥೆ ಹಾಡುವ ಬಂಗಾಳದ ‘ಪಟುವಾ’ಗಳ ಕ್ರಮ ಇಂಥದು. ಕಾಂಥಾದ ಕ್ರಮವು ಬೇರೆ. ಅಲ್ಲಿ ಮೊದಲು ಕೊನೆಗಳಿಲ್ಲ. ನಡುವೆ ಒಂದು ಹೂವು, ಸುತ್ತಲೂ ಲೋಕ. ಅದನ್ನು ಯಾವ ಅಂಚಿನಲ್ಲಿ ಕುಳಿತು ನೋಡಿದರೂ ಎದುರಿಗೆ ಒಂದು ಮೂಲೆಯ ಗಿಡವು ತಾವರೆಯತ್ತ ಬಾಗಿರುವುದು ಕಾಣುತ್ತದೆ.

ನಿಜವಾದ ಕಾಂಥಾಗಳಲ್ಲಿ ಮನೆತನದ ಮಾತು ಬರುವುದೇ ಇಲ್ಲವೆಂದು ಇದರ ಅರ್ಥವಲ್ಲ. ಕಲ್ಕತ್ತೆಯ ಸಮೀಪದ ಜೋಕಾದಲ್ಲಿ ಸ್ಥಾಪಿತವಾದ ಗುರುಸದಯ ಸಂಗ್ರಹಾಲಯದ ಕೃತಿಗಳಲ್ಲಿ ಸುಪ್ರಸಿದ್ಧವಾದುದು ಮಾನದಾಸುಂದರಿ ಎಂಬಾಕೆಯ ಸುಜನಿ. ಜಾನಪದ ಕಲೆಗಳ ಸಂಗ್ರಾಹಕರಲ್ಲಿ ಅಗ್ರಗಣ್ಯರಾದ ಗುರುಸದಯ ದತ್ತರು (1882–1941) ಕೂಡಿಟ್ಟ ವಸ್ತುಗಳೇ ಆ ಸಂಗ್ರಹಾಲಯಕ್ಕೆ ಮೂಲ. ಮಾನದಾಸುಂದರಿಯು ಈ ಸುಜನಿಯನ್ನು ತನ್ನ ತಂದೆಗಾಗಿ ಸ್ವಹಸ್ತದಿಂದ ಹೊಲಿದುದಾಗಿ ಬಟ್ಟೆಯ ಮೇಲೆಯೇ ಅಕ್ಷರಗಳಲ್ಲಿ ಹೊಲಿದಿರುವಳು. ಆದರೆ ಅದರ ಮೇಲಿನ ಚಿತ್ರಗಳಲ್ಲಿ ತಂದೆಯ ಬಾಳಿನ ಘಟನೆಗಳನ್ನು ಹುಡುಕುವವರಿಗೆ ನಿರಾಶೆಯಾಗುವುದು. ಅಲ್ಲಿ ಎದ್ದು ಕಾಣುವುವು ಆ ಕಾಲದ ಸಿಪಾಯಿಗಳು ಮತ್ತು ಸಾಹೇಬರು. ಅಂದರೆ ಮಗಳು ಕಂಡ ಹೊರಗಿನ ಲೋಕ. ತಂದೆಯು ಇರುವುದು ಅರ್ಪಣೆಯ ಅಕ್ಷರದಲ್ಲಿ. ಆತನಿಗಾಗಿ ವ್ಯಯಿಸಿದ ಲಕ್ಷಾಂತರ ಹೊಲಿಗೆಗಳಲ್ಲಿ. ಮನೆತನದ ಪ್ರೀತಿಯು ಇಲ್ಲಿ ಕಥಾವಸ್ತುವಲ್ಲ, ಕಾರ್ಯಕ್ಕೆ ಕಾರಣ. ಇವೆರಡನ್ನೂ ಒಂದೇ ಎಂದು ಭಾವಿಸಿ, ಪ್ರತಿಯೊಂದು ಕಾಂಥಾದಲ್ಲಿಯೂ ಸಾಜುವಿನಂಥ ಒಬ್ಬಳ ಜೀವನವೃತ್ತಾಂತವನ್ನು ನಿರೀಕ್ಷಿಸುವುದು ಕಾವ್ಯದ ಕನ್ನಡಕದಿಂದ ಬಟ್ಟೆಯನ್ನು ನೋಡಿದಂತೆ.

೩

ಹಾಗಾದರೆ ಹೂವಿನ ಸ್ಥಾನವೇನು? ಈ ಪ್ರಶ್ನೆಗೆ ಮೊದಲಿಗೆ ಗಂಭೀರವಾದ ಸಮಾಧಾನವನ್ನು ಸೂಚಿಸಿದವರು ಸ್ಟೆಲ್ಲಾ ಕ್ರಾಮ್‌ರಿಷ್ (1896–1993). 1939ರಲ್ಲಿ ಭಾರತೀಯ ಪ್ರಾಚ್ಯಕಲಾ ಸಂಘದ ಪತ್ರಿಕೆಯಲ್ಲಿ ಕಾಂಥಾವನ್ನು ಕುರಿತು ಬರೆದ ಲೇಖನದಲ್ಲಿ ಅವರು, ಹರಿದುದನ್ನು ಮರಳಿ ಅಖಂಡವಾಗಿಸುವ ಕ್ರಿಯೆಯನ್ನೇ ಈ ಕಲೆಯ ತಿರುಳೆಂದು ಗ್ರಹಿಸಿದರು. ನಡುವಣ ತಾವರೆಯು ಅವರ ದೃಷ್ಟಿಯಲ್ಲಿ ಕೇವಲ ಅಲಂಕಾರವಲ್ಲ, ವಿಶ್ವದ ಸಂಕೇತ. ಹಳ್ಳಿಯ ಹೆಂಗಸಿನ ಹೊಲಿಗೆಯನ್ನು ದೇವಾಲಯದ ಶಿಲ್ಪಕ್ಕೆ ಸಲ್ಲುವಷ್ಟೇ ಗೌರವದಿಂದ ಓದಿದ ಈ ಲೇಖನದ ಉಪಕಾರವು ದೊಡ್ಡದು. ಆದರೂ ಈ ವ್ಯಾಖ್ಯಾನದಲ್ಲಿ ಒಂದು ಕೊರತೆಯಿದೆ. ತಾವರೆಯು ವಿಶ್ವವೇ ಆದರೆ, ಅದು ಯಾರ ಸೀರೆಯ ಮೇಲೆ ಅರಳಿತು ಎಂಬ ಪ್ರಶ್ನೆಗೆ ಎಡೆಯೇ ಉಳಿಯುವುದಿಲ್ಲ. ಜಸೀಮುದ್ದೀನ್ ಕಾವ್ಯದಿಂದ ಬೆಳೆದ ಅಭಿಪ್ರಾಯವು ಕಾಂಥಾವನ್ನು ಒಬ್ಬಳ ಕಥೆಯಾಗಿ ಕಿರಿದುಗೊಳಿಸಿದರೆ, ಕ್ರಾಮ್‌ರಿಷ್ ಅವರ ವ್ಯಾಖ್ಯಾನವು ಅದನ್ನು ಎಲ್ಲರ ತತ್ತ್ವವಾಗಿ ಹಿಗ್ಗಿಸಿತು. ಮನೆ ಎಂಬುದು ಈ ಎರಡರ ನಡುವೆ ಇರತಕ್ಕ ವಸ್ತು. ಅದು ಎರಡು ಕಡೆಯಲ್ಲಿಯೂ ಕೈಬಿಟ್ಟುಹೋಯಿತು.

ಹೂವು ಮಾಡುವ ಕೆಲಸವನ್ನು ಹೀಗೆ ವಿವರಿಸಬಹುದು. ಹರಿದ ಸೀರೆಯೊಂದು ತನ್ನಷ್ಟಕ್ಕೆ ತಾನು ಆ ಮನೆಯವರ ದುಃಖಸುಖಗಳ ಗುರುತು. ಹೊರಗಿನವರಿಗೆ ಅದು ಚಿಂದಿ. ತಾವರೆಯು ಇದಕ್ಕೆ ವಿರುದ್ಧವಾಗಿ ಎಲ್ಲರಿಗೂ ಸೇರಿದುದು. ಯಾವ ಒಂದು ಮನೆಯ ಸ್ವತ್ತೂ ಅಲ್ಲ. ಈ ಎರಡನ್ನೂ ಒಂದೇ ನೂಲಿನಿಂದ ಹಿಡಿದು ಕಟ್ಟುವುದೇ ಕಾಂಥಾದ ಸಾಧನೆ. ಸತ್ತ ಅಜ್ಜಿಯ ಸೀರೆಯನ್ನು ಹಾಗೆಯೇ ಹಾಸಿದರೆ ಅದು ಶೋಕವಾಗುವುದು. ಅದರ ಮೇಲೆ ಹೂವನ್ನು ಹೊಲಿದಾಗ, ಹುಟ್ಟಿದ ಮಗುವನ್ನು ಅದರಲ್ಲಿ ಮಲಗಿಸಬಹುದು. ಛಂದಸ್ಸು ಕವಿಯ ಸ್ವಂತ ಅನುಭವವನ್ನು ಇತರರು ಹಾಡಿಕೊಳ್ಳುವಂತೆ ಮಾಡುವ ಹಾಗೆ, ಈ ಹೂವು ಮನೆಯ ನೆನಪನ್ನು ಮುಂದಿನವರು ಹೊದೆಯುವಂತೆ ಮಾಡುತ್ತದೆ. ಆದುದರಿಂದ ಹೂವು ಮನೆತನದ ಕಥೆಗೆ ತೊಡಿಸಿದ ಅಲಂಕಾರವಲ್ಲ. ಆ ಕಥೆಯು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ದಾರಿ.

೪

ಈ ದೃಷ್ಟಿಯಿಂದ ಮರಳಿ ಕಾವ್ಯವನ್ನು ಓದಿದಾಗ, ಅದರ ಮೇಲೆ ಹೊರಿಸಿದ ದೋಷವು ಬಹುಮಟ್ಟಿಗೆ ಕಾವ್ಯದ್ದಲ್ಲ, ಓದಿದವರದು ಎಂದು ತಿಳಿಯಬರುತ್ತದೆ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಮೊದಲನೆಯದಾಗಿ, ಸಾಜು ಕಂಥೆಯನ್ನು ಹಿಡಿಯುವುದು ವಿರಹದಲ್ಲಿ ಅಲ್ಲ. ಗಂಡನು ಬಳಿಯಲ್ಲಿ ಕುಳಿತು ಕೊಳಲೂದುತ್ತಿದ್ದ ಸುಖದ ದಿನಗಳಲ್ಲಿಯೇ ಆಕೆ ಅದನ್ನು ಆರಂಭಿಸಿದ್ದಳೆಂದು ಕವಿಯು ನೆನಪುಮಾಡಿಕೊಡುತ್ತಾನೆ. ದುಃಖದ ಚಿತ್ರಗಳು ಬೀಳುವುದು ಸುಖದಲ್ಲಿ ಹಾಸಿದ ಬಟ್ಟೆಯ ಮೇಲೆ. ಚಿತ್ರಕ್ಕಿಂತ ಬಟ್ಟೆಗೆ ವಯಸ್ಸು ಹೆಚ್ಚು. ಅದರ ನೆನಪೂ ಹೆಚ್ಚು ಹಳೆಯದು. ಆತ್ಮಚರಿತ್ರೆಯೆಂದು ಕರೆಯುವವರು ಈ ಒಂದು ಸೂಚನೆಯನ್ನು ಮರೆತಂತೆ ತೋರುತ್ತದೆ.

ಎರಡನೆಯದಾಗಿ, ಕಾವ್ಯದ ಕೊನೆಯಲ್ಲಿ ಕಂಥೆಯನ್ನು ಯಾರೂ ಓದುವುದಿಲ್ಲ. ಅದು ಮೊದಲು ಗೋರಿಯನ್ನು ಮುಚ್ಚುತ್ತದೆ. ಆಮೇಲೆ ಸಾಯುತ್ತಿರುವ ಗಂಡನ ಮೈಯನ್ನು ಮುಚ್ಚುತ್ತದೆ. ಇಷ್ಟು ಹೊತ್ತೂ ಚಿತ್ರಪಟದಂತಿದ್ದುದು ಕಟ್ಟಕಡೆಗೆ ತನ್ನ ನಿಜವಾದ ಧರ್ಮಕ್ಕೆ ಹಿಂದಿರುಗಿ ಹೊದಿಕೆಯಾಗುತ್ತದೆ. ಹೆಂಡತಿಯು ಹೊಲಿದುದನ್ನು ಗಂಡನು ಓದಲಿಲ್ಲ, ಹೊದ್ದನು. ಕಾವ್ಯದ ಕರುಣರಸವೆಲ್ಲ ಈ ಒಂದು ಕ್ರಿಯೆಯಲ್ಲಿ ನೆಲೆಗೊಂಡಿದೆ. ಚಿತ್ರಗಳ ಮೂಲಕ ಸಾಜು ಹೇಳಲು ಯತ್ನಿಸಿದುದನ್ನು ಬಟ್ಟೆಯು ಮಾತಿಲ್ಲದೆ ಹೇಳಿತು. ಇದನ್ನು ಕಂಡ ಕವಿಗೆ ಕಾಂಥಾದ ಮರ್ಮವು ತಿಳಿದಿರಲಿಲ್ಲವೆಂದು ಹೇಳಲಾಗುವುದಿಲ್ಲ.

ಮೂರನೆಯದು ರಚನೆಗೆ ಸಂಬಂಧಿಸಿದ ಮಾತು. ಕವಿಯು ತನ್ನ ಅಧ್ಯಾಯಗಳ ತಲೆಯಲ್ಲಿ ಹಳ್ಳಿಗರ ಹಾಡುಗಳ ತುಣುಕುಗಳನ್ನು ಇಟ್ಟಿರುವನು. ಇವುಗಳನ್ನು ಸಾಮಾನ್ಯವಾಗಿ ಪೀಠಿಕೆಯೆಂದು ಭಾವಿಸಿ ಓದುಗರು ದಾಟಿಹೋಗುವರು. ವಾಸ್ತವವಾಗಿ ಇವು ಹಿಂದಿನವರು ಉಟ್ಟು ಬಿಟ್ಟ ಬಟ್ಟೆಗಳು. ಯಾರು ಕಟ್ಟಿದರೆಂದು ತಿಳಿಯದ, ಹಲವು ಬಾಯಿಗಳಲ್ಲಿ ಸವೆದು ಮೃದುವಾದ ಈ ಪದಗಳನ್ನು ಅಡಿಯಲ್ಲಿ ಹಾಸಿ, ಅವುಗಳ ಮೇಲೆ ಕವಿಯು ತನ್ನ ಹೊಲಿಗೆಯನ್ನು ಹಾಕಿರುವನು. ಕಾಂಥಾವನ್ನು ಕುರಿತ ಕಾವ್ಯ ಎಂಬುದಕ್ಕಿಂತ, ಕಾಂಥಾದ ರೀತಿಯಲ್ಲಿ ಕಟ್ಟಿದ ಕಾವ್ಯ ಎಂಬುದೇ ಈ ಕೃತಿಗೆ ಹೆಚ್ಚು ಒಪ್ಪುವ ವಿಶೇಷಣವಾಗಿದೆ. ನಾಯಿಕೆಯ ಕಂಥೆಯಲ್ಲಿ ಕಾಣದ ಪೂರ್ವಿಕರು ಕವಿಯ ಕಂಥೆಯಲ್ಲಿ ಇದ್ದಾರೆ.

೫

ಬಟ್ಟೆಯೇ ಮುಖ್ಯ, ಚಿತ್ರವು ಅನಂತರದ್ದು ಎಂಬ ಈ ಮಾತನ್ನು ಒರೆಗೆ ಹಚ್ಚಲು, ಚಿತ್ರವೇ ಇಲ್ಲದ ಕಂಥೆಯನ್ನು ನೋಡಬೇಕು. ಅದಕ್ಕೆ ಕನ್ನಡ ನಾಡಿನಲ್ಲಿಯೇ ಉದಾಹರಣೆಯಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಯುವ ಕೌದಿಯನ್ನು ಅರಿಯದವರಿಲ್ಲ. ಇಳಕಲ್ಲ ಸೀರೆಯ ತುಂಡು, ಕುಪ್ಪಸದ ಖಣ, ಮಕ್ಕಳ ಅಂಗಿ, ಧೋತರದ ಅಂಚು ಇವೆಲ್ಲ ಅದರಲ್ಲಿ ಪಕ್ಕಪಕ್ಕದಲ್ಲಿ ಕೂಡುವುವು. ಯಾವ ತುಂಡು ಯಾರದೆಂದು ಮನೆಯ ಹಿರಿಯಳು ಬೆರಳಿಟ್ಟು ತೋರಿಸಿ ಹೇಳಬಲ್ಲಳು. ಅಲ್ಲಿ ಆನೆ ಕುದುರೆಗಳಿಲ್ಲ, ಆದರೂ ವಂಶಾವಳಿಯಿದೆ.

ಇದಕ್ಕಿಂತಲೂ ಗಮನಾರ್ಹವಾದುದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರ ‘ಕವಂದಿ’. ಆಫ್ರಿಕಾ ಖಂಡದಿಂದ ಬಂದ ಪೂರ್ವಿಕರ ಸಂತತಿಯವರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ ಮುಂತಾದ ಕಡೆಗಳಲ್ಲಿ ನೆಲಸಿರುವರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಉಂಟು. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಮನೆಯವರ ಹಳೆಯ ಉಡುಪುಗಳ ತುಂಡುಗಳನ್ನು ಅದರ ಮೇಲೆ ಕೂಡಿಸುತ್ತ, ಅವರು ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿಗೆ ಬಂದು ಸೇರುವರು. ಕೆಲವರ ಕವಂದಿಯಲ್ಲಿ ಶಿಲುಬೆಯೂ ಕೆಲವರದರಲ್ಲಿ ಅರ್ಧಚಂದ್ರವೂ ತುಂಡುಬಟ್ಟೆಯಿಂದ ಮೂಡುವುದುಂಟು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಪದರಪದರವಾಗಿ ಇಟ್ಟು ಹೊಲಿಯುವುದು ಅವಶ್ಯವಾದ ಕೆಲಸ. ಇದಕ್ಕೆ ಅವರು ಕೊಟ್ಟಿರುವ ಹೆಸರು ‘ಫುಲಾ’, ಎಂದರೆ ಹೂವು. ಹೂವಿಲ್ಲದ ಕವಂದಿಯು ಬತ್ತಲೆ ಎಂದು ಆ ಹೆಂಗಸರು ಹೇಳುವುದನ್ನು, ಈ ಕಲೆಯನ್ನು ಬಹುಕಾಲ ಅಭ್ಯಾಸಮಾಡಿದ ಅಮೆರಿಕದ ವಿದ್ವಾಂಸ ಹೆನ್ರಿ ಜಾನ್ ಡ್ರೂವಲ್ ದಾಖಲಿಸಿರುವರು.

ಬಂಗಾಳದ ಕಾಂಥಾವು ಸಾಮಾನ್ಯವಾಗಿ ನಡುವಿನ ಹೂವಿನಿಂದ ಹೊರಕ್ಕೆ ಬೆಳೆಯುತ್ತದೆ. ಸಿದ್ದಿಯರ ಕವಂದಿಯು ಅಂಚಿನಿಂದ ಒಳಕ್ಕೆ ಬರುತ್ತದೆ. ಒಂದರಲ್ಲಿ ಹೂವು ಕೇಂದ್ರ, ಇನ್ನೊಂದರಲ್ಲಿ ಮೂಲೆ. ಒಂದರಲ್ಲಿ ಅದು ದಳದಳವಾಗಿ ಬಿಡಿಸಿದ ತಾವರೆ. ಇನ್ನೊಂದರಲ್ಲಿ ಹೂವಿನ ಆಕಾರವೂ ಇಲ್ಲದ ಒಂದು ಮಡಿಕೆ. ಇಷ್ಟು ಭಿನ್ನವಾದ ಎರಡು ಸಂಪ್ರದಾಯಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತವಾಗಿರುವುವು: ಮನೆಯವರ ಹಳೆಯ ಬಟ್ಟೆ, ಅದಕ್ಕೆ ತಪ್ಪದ ಹೂವು. ಸಾಜುವಿನ ಕಂಥೆಯಂತೆ ಕಥೆಯನ್ನು ಚಿತ್ರಿಸುವುದು ಈ ಕಲೆಗೆ ಅನಿವಾರ್ಯವಾಗಿದ್ದರೆ, ಕವಂದಿಯನ್ನು ಮೂಕವೆನ್ನಬೇಕಾಗಿತ್ತು. ಅದು ಮೂಕವಲ್ಲವೆಂಬುದಕ್ಕೆ ‘ಬತ್ತಲೆ’ ಎಂಬ ಆ ಒಂದು ಮಾತೇ ಸಾಕ್ಷಿ. ಬತ್ತಲೆ ಎನ್ನಿಸಿಕೊಳ್ಳುವುದು ಬಟ್ಟೆಯಲ್ಲ, ದೇಹ. ಹೊಲಿದವಳ ದೃಷ್ಟಿಯಲ್ಲಿ ಕವಂದಿಯು ಮನೆಯವರಲ್ಲಿ ಒಬ್ಬರಾಗಿದೆ.

೬

ಈ ವಿಚಾರದಿಂದ ಇಂದಿನ ಕಾಲಕ್ಕೆ ಅನ್ವಯಿಸುವ ಒಂದು ಫಲಿತಾಂಶವೂ ಹೊರಡುತ್ತದೆ. 1971ರಲ್ಲಿ ಬಾಂಗ್ಲಾದೇಶವು ಸ್ವತಂತ್ರವಾದ ಮೇಲೆ ಅಲ್ಲಿಯೂ, ಪಶ್ಚಿಮ ಬಂಗಾಳದಲ್ಲಿಯೂ ಕಾಂಥಾವು ಹಳ್ಳಿಯ ಸ್ತ್ರೀಯರಿಗೆ ಜೀವನೋಪಾಯವಾಗಿ ಹೊಸ ಹುಟ್ಟನ್ನು ಪಡೆಯಿತು. ಹೊಸ ಹತ್ತಿಬಟ್ಟೆ, ಹೊಸ ರೇಷ್ಮೆ, ಅಂಗಡಿಯ ನೂಲು, ಬೇರೆಯವರು ಬರೆದುಕೊಟ್ಟ ನಕ್ಷೆ ಇವುಗಳಿಂದ ಸಿದ್ಧವಾಗುವ ಸೀರೆ ಹೊದಿಕೆಗಳಲ್ಲಿ ತಾವರೆಯೂ ಕಲ್ಕಾಗಳೂ ಮೊದಲಿಗಿಂತ ಅಚ್ಚುಕಟ್ಟಾಗಿ ಅರಳಿವೆ. ಇದರಿಂದ ಅನೇಕ ಮನೆಗಳಲ್ಲಿ ಒಲೆ ಉರಿಯುತ್ತಿರುವಾಗ ಇದನ್ನು ಹಳಿಯುವುದು ಅನುಚಿತ. ಆದರೆ ವಿಮರ್ಶೆಯು ಭೇದವನ್ನು ಗುರುತಿಸಲೇಬೇಕು. ಈ ಕೃತಿಗಳಲ್ಲಿ ಹೂವು ಉಳಿದಿದೆ. ಆ ಹೂವು ಯಾವುದನ್ನು ದಾಟಿಸಲು ಹುಟ್ಟಿತೋ ಆ ಹಳೆಯ ಬಟ್ಟೆಯು ಉಳಿದಿಲ್ಲ. ವಾಚ್ಯವು ಇಮ್ಮಡಿಸಿ ವ್ಯಂಗ್ಯವು ಇಂಗಿದೆ. ಹಳೆಯ ಕಾಂಥಾವನ್ನು ಮೆಚ್ಚುವ ಅಳತೆಗೋಲಿನಿಂದ ಹೊಸದನ್ನು ಅಳೆದರೆ ಎರಡಕ್ಕೂ ಅನ್ಯಾಯವಾಗುವುದು.

ಹಾಗೆಯೇ ಸಂಗ್ರಹಾಲಯದ ವಿವರಣೆಗಳಲ್ಲಿಯೂ ತರಗತಿಯ ಪಾಠಗಳಲ್ಲಿಯೂ ಚಿತ್ರಗಳ ಪಟ್ಟಿಯನ್ನು ಕೊಟ್ಟು ಮುಗಿಸುವ ವಾಡಿಕೆಯು ಬದಲಾಗಬೇಕು. ನಡುವೆ ಕಮಲ, ಮೂಲೆಯಲ್ಲಿ ಗಿಡ, ಬಲಗಡೆ ಆನೆ ಎಂದು ಹೇಳಿದಾಗ ಕಾಂಥಾದ ವಾಕ್ಯವನ್ನು ಓದಿದಂತಾಯಿತೇ ಹೊರತು ಅರ್ಥವನ್ನು ತಿಳಿದಂತಾಗಲಿಲ್ಲ. ಎಷ್ಟು ಪದರ, ಯಾವ ಬಗೆಯ ಬಟ್ಟೆ, ನೂಲು ಎಲ್ಲಿಯದು, ಎಲ್ಲಿ ಹೆಚ್ಚಾಗಿ ಸವೆದಿದೆ, ಎಲ್ಲಿ ಬೇರೊಂದು ಕೈ ಮತ್ತೆ ಹೊಲಿದಿದೆ ಎಂಬ ಪ್ರಶ್ನೆಗಳು ಗ್ರಂಥಸಂಪಾದನೆಯಲ್ಲಿ ಓಲೆಯ ಪ್ರತಿಗಳನ್ನು ಕುರಿತು ಕೇಳುವ ಪ್ರಶ್ನೆಗಳಷ್ಟೇ ಮುಖ್ಯವಾದುವು. ಓಲೆಗರಿಯ ಅಂಚಿನ ಸವೆತದಿಂದ ಓದಿದವರ ಕೈಗಳನ್ನು ಊಹಿಸುವ ವಿದ್ವಾಂಸರಿಗೆ ಕೌದಿಯ ಸವೆತವನ್ನು ಓದುವುದು ಕಷ್ಟವಾಗಲಾರದು. ಕನ್ನಡ ನಾಡಿನ ಕೌದಿ ಕವಂದಿಗಳನ್ನು ಕುರಿತು ಈ ಪ್ರಶ್ನೆಗಳನ್ನು ಕೇಳುವುದಕ್ಕೆ, ಯಾವ ತುಂಡು ಯಾರದೆಂದು ಬೆರಳಿಟ್ಟು ಹೇಳಬಲ್ಲ ಹಿರಿಯರು ಇರುವಾಗಲೇ ತೊಡಗಬೇಕು. ಅವರು ಹೋದ ಬಳಿಕ ಬಟ್ಟೆಯು ಉಳಿಯುವುದು; ಹೂವೂ ಉಳಿಯುವುದು; ಅದು ಯಾರ ಸೀರೆ ಎಂಬುದು ಮಾತ್ರ ಉಳಿಯುವುದಿಲ್ಲ.